ಬೆಲ್ಜಿಯಂ ಬಾಯಾರ ಮೌನಮಾಪಕ

ಮೌನಮಾಪಕದ ಹಸಿರು ದೀಪಗಳು ಒಂದರ ಹಿಂದೊಂದು ಹೊತ್ತಿಕೊಂಡವು. ಡಾಕ್ಟರ್ ಲೀಸ್‌ಬೆಟ್ ಕಲೆವಾರ್ಟ್ ಕನ್ನಡಕವನ್ನು ಹಣೆಗೇರಿಸಿ, ಎದುರು ಬೆಂಚಿನ ಮೇಲೆ ಒತ್ತೊತ್ತಾಗಿ ಕುಳಿತಿದ್ದ ಮೂವರ ಕಡೆ ತಿರುಗಿದಳು.

“ಈಗ ಕೇಳ್ರಿ. ಸ್ವಲ್ಪ ಹೊತ್ತು ಯಾರೂ ಮಾತಾಡಬ್ಯಾಡ್ರಿ.”

ಮೂವರೆಂದರೆ ನೀಲಗಂಗಾ, ಅವಳ ಗಂಡ ಫಕೀರೇಶ, ಅತ್ತೆ ಗುರುಸಿದ್ಧವ್ವ. ನೀಲಗಂಗಾಳ ಬಸಿರು ಹಿಂದೆ ಮೂರು ಸಲ ಆಸೆ ತೋರಿಸಿ ಕೈಕೊಟ್ಟಿತ್ತು. ಈಗ ಅವಳ ಐದು ಭ್ರೂಣಗಳು ಗಾಜಿನ ತಟ್ಟೆಯೊಂದರ ಐದು ಕುಳಿಗಳಲ್ಲಿ, ಬೆಚ್ಚನೆಯ ಪೋಷಕದ್ರವದೊಳಗೆ ಮಲಗಿದ್ದವು. ಬರಿಗಣ್ಣಿಗೆ ಅವು ಧೂಳಿನ ಕಣದಷ್ಟೇ ಕಾಣುತ್ತಿದ್ದವು. ಅವುಗಳಲ್ಲಿ ಒಂದನ್ನು ಇವತ್ತು ಆರಿಸಬೇಕಾಗಿತ್ತು.

ಗೋಡೆಯ ಸ್ಪೀಕರಿನಿಂದ ಮೊದಲ ಭ್ರೂಣದ ಸದ್ದು ಬಂತು. ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವಾಗ ಕೇಳುವಂಥ ಗಲಗಲ ಸದ್ದು. ಎರಡನೆಯದೂ ಹಾಗೇ ಇತ್ತು. ಮೂರನೆಯದು ಮೊದಲೆರಡನ್ನೂ ಸೇರಿಸಿ ಮೀರಿಸಿತು.

“ಇದು ನಮ್ಮ ಮನಿತನದ್ದ ಖರೇ,” ಎಂದು ನಕ್ಕಳು ಗುರುಸಿದ್ಧವ್ವ. “ನಮ್ಮ ಮಾವನೋರು ಹಿಂಗ ಇದ್ರು. ಓಣಿ ತುದಿಯೊಳಗ ಬಂದ್ರ ಮನ್ಯಾಗ ಗೊತ್ತಾಗತಿತ್ತು.”

“ಯವ್ವಾ, ಸುಮ್ಕಿರ,” ಎಂದ ಫಕೀರೇಶ.

ನಾಲ್ಕನೆಯದರಲ್ಲಿ ಸದ್ದು ಇಳಿಯಿತು. ಐದನೆಯದರಲ್ಲಿ ಸದ್ದೇ ಇಲ್ಲವೆನ್ನಬೇಕು. ನಳ ಸರಿಯಾಗಿ ಮುಚ್ಚದಿದ್ದಾಗ ಬೀಳುವ ಹನಿಯ ಹಾಗೆ, ಬಿಟ್ಟು ಬಿಟ್ಟು ಒಂದು ಟಪ್, ಅಷ್ಟೆ. ಲೀಸ್‌ಬೆಟ್‌ಳ ಮುಖ ಅರಳಿತು. “ಇದು ನಿಮ್ಮ ಕೂಸು,” ಎಂದು ನೀಲಗಂಗಾಳ ಕೈ ಹಿಡಿದಳು.

ಭ್ರೂಣಕ್ಕೆ ಬಾಯಿಲ್ಲ, ಸದ್ದು ಯಂತ್ರದ್ದು. ಪ್ರತಿ ಕುಳಿಯಲ್ಲಿ ಕೂದಲಿಗಿಂತ ತೆಳುವಾದ ಒಂದು ಉಸಿರುಸೂಜಿ ಇರುತ್ತದೆ. ಭ್ರೂಣ ಎಷ್ಟು ಆಮ್ಲಜನಕ ಎಳೆದುಕೊಂಡಿತು, ಎಷ್ಟು ಸಕ್ಕರೆ ಕರಗಿಸಿತು, ಎಷ್ಟು ಬಿಸಿಯಾಯಿತು ಎಂಬುದನ್ನು ಆ ಸೂಜಿ ಅಳೆಯುತ್ತದೆ. ಕಂಪ್ಯೂಟರು ಆ ಅಳತೆಯನ್ನು ಕಿವಿಗೆ ಕೇಳುವಂತೆ ಮಾಡುತ್ತದೆ. ಮೊದಲೆಲ್ಲ ಭ್ರೂಣತಜ್ಞರು ಸೂಕ್ಷ್ಮದರ್ಶಕದಲ್ಲಿ ಇಣುಕಿ, ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ, ದುಂಡಗೆ ಚೆಂದಗೆ ಕಂಡದ್ದನ್ನು ಆರಿಸಿ ಗರ್ಭಕ್ಕೆ ಸೇರಿಸುತ್ತಿದ್ದರು. ಲೀಸ್‌ಬೆಟ್ ಆ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿದ್ದಳು. ಒಳಗೆ ಪೆಟ್ಟು ಬಿದ್ದ ಭ್ರೂಣ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳಲು ಹೆಣಗುತ್ತದೆ. ಹೆಣಗುವುದಕ್ಕೆ ಖರ್ಚು ಹೆಚ್ಚು. ಏನೂ ಕೆಡದ ಭ್ರೂಣ ಕಡಿಮೆ ಉಂಡು ಸುಮ್ಮನೆ ಕಾಯುತ್ತದೆ. ಹಾಗಾಗಿ ಎಲ್ಲಕ್ಕಿಂತ ಸುಮ್ಮನಿರುವುದನ್ನು ಆರಿಸಬೇಕು. ಈ ಒಂದು ಮಾತಿನ ಬಲದಿಂದ ಅವಳ ಆಸ್ಪತ್ರೆಯಲ್ಲಿ ಹತ್ತು ಮಂದಿ ಬಂದರೆ ಎಂಟು ಮಂದಿ ಮಡಿಲು ತುಂಬಿಕೊಂಡು ಹೋಗುತ್ತಿದ್ದರು.

ಆಸ್ಪತ್ರೆಗೆ ಟ್ರಸ್ಟಿನವರು ಉದ್ದನೆಯ ಸಂಸ್ಕೃತದ ಹೆಸರಿಟ್ಟಿದ್ದರು. ಡಾಕ್ಟರಮ್ಮನನ್ನು ‘ಬಾಯಾರು’ ಎನ್ನುವ ಧಾರವಾಡದ ಜನ ಅದನ್ನು ಕಿವಿಗೆ ಹಾಕಿಕೊಳ್ಳದೆ ‘ಬೆಲ್ಜಿಯಂ ಬಾಯಾರ ದವಾಖಾನಿ’ ಎಂದೇ ಕರೆಯುತ್ತಿದ್ದರು. ಆಟೋದವರಿಗೆ ಬೇರೆ ಹೆಸರು ಹೇಳಿದರೆ ತಿಳಿಯುತ್ತಲೂ ಇರಲಿಲ್ಲ.

ಲೀಸ್‌ಬೆಟ್ ಹುಟ್ಟಿದ್ದು ಗೆಂಟ್ ನಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಅವಳ ತಾಯಿ ಏಳು ಸಲ ಬಸುರಾಗಿ ಒಂದೇ ಮಗುವನ್ನು ಕಂಡವಳು. ಆ ಒಂದು ಮಗುವೇ ಇವಳು. ತಂದೆಗೆ ಪಂದ್ಯದ ಪಾರಿವಾಳ ಸಾಕುವ ಹುಚ್ಚು. ಆತ ಮೊಟ್ಟೆಯನ್ನು ದೀಪಕ್ಕೆ ಹಿಡಿದು, ಒಳಗೆ ಕೆಂಪು ನರಗಳು ಹರಡಿಕೊಂಡಿವೆಯೋ ಇಲ್ಲವೋ ಎಂದು ಮಗಳಿಗೆ ತೋರಿಸುತ್ತಿದ್ದ. ನರ ಕಾಣದ ಮೊಟ್ಟೆಯನ್ನು ಹಿತ್ತಲಿಗೆ ಎಸೆಯುತ್ತಿದ್ದ. ಎಸೆಯುವ ಮೊದಲೇ ಅದಕ್ಕೇನಾಗಿತ್ತೆಂದು ತಿಳಿಯಬೇಕೆಂಬ ಹಟ ಆ ಹುಡುಗಿಯನ್ನು ಕಪ್ಪೆಯ ಭ್ರೂಣಕ್ಕೆ, ಅಲ್ಲಿಂದ ಇಲಿಗೆ, ಇಲಿಯಿಂದ ಮನುಷ್ಯರಿಗೆ ಎಳೆದುಕೊಂಡು ಹೋಯಿತು. ಮದುವೆಗೆ ಬಿಡುವಾಗಲಿಲ್ಲ. ಅರವತ್ತು ದಾಟಿದ ಮೇಲೆ ಟ್ರಸ್ಟಿನವರ ಕರೆಗೆ ಓಗೊಟ್ಟು ಧಾರವಾಡಕ್ಕೆ ಬಂದವಳು ಇಲ್ಲೇ ಉಳಿದಳು; ಹಿರಿಯ ನರ್ಸುಗಳಿಂದ ಕನ್ನಡ ಕಲಿತಳು, ಜೋಳದ ರೊಟ್ಟಿ ಅಭ್ಯಾಸ ಮಾಡಿಕೊಂಡಳು. ಹೊಸಬರು ಬಾಯಿ ತೆರೆದು ನೋಡುವಂತೆ ‘ಹೌದ್ರಿ, ಬರ್ರಿ, ಕೂಡ್ರಿ’ ಎನ್ನುತ್ತಿದ್ದಳು.

ನೀಲಗಂಗಾಳಿಗೆ ಐದನೆಯ ಭ್ರೂಣ ನಿಂತಿತು. ಉಳಿದ ನಾಲ್ಕನ್ನು ಹಿಮನಿದ್ರೆಯಲ್ಲಿ ಇಟ್ಟರು. ದಿನ ತುಂಬಿದಾಗ ಗುರುಸಿದ್ಧವ್ವ ಹೆರಿಗೆ ಕೋಣೆಯ ಬಾಗಿಲಿಗೆ ಕಿವಿ ಹಚ್ಚಿ ನಿಂತಳು. ಹೆರಿಗೆಗೆ ಹೊರಗೆ ಕಾಯುವವರು ಕಾಯುವುದು ಒಂದು ಅಳುವಿಗಾಗಿ. ಅದು ಬಂದರೆ ಸಕ್ಕರೆ ಹಂಚುತ್ತಾರೆ. ಇಲ್ಲಿ ಅದು ಬರಲಿಲ್ಲ. ಬಹಳ ಹೊತ್ತಿನ ಮೇಲೆ ನರ್ಸು ಹೊರಗೆ ಬಂದು, “ಹೆಣ್ಣು, ಆರಾಮ ಐತಿ,” ಎಂದಾಗಲೂ ಮುದುಕಿ ನಂಬದೆ, “ಅತ್ತಿತೇನು?” ಎಂದು ಎರಡು ಸಲ ಕೇಳಿದಳು. ಮಗು ಗುಲಾಬಿ ಬಣ್ಣಕ್ಕಿತ್ತು, ಚೆನ್ನಾಗಿ ಉಸಿರಾಡುತ್ತಿತ್ತು. ಸುತ್ತಲಿನವರನ್ನು ಒಬ್ಬೊಬ್ಬರಾಗಿ ನೋಡುತ್ತಿತ್ತು.

ಪಾರಿಜಾತ ಎಂದು ಹೆಸರಿಟ್ಟರು. ತೊಟ್ಟಿಲ ಕಾರ್ಯಕ್ರಮಕ್ಕೆ ಲೀಸ್‌ಬೆಟ್‌ಳನ್ನು ಕರೆದರು. ಅವಳು ಯಾವ ಮನೆಯ ಕರೆಯನ್ನೂ ತಪ್ಪಿಸುತ್ತಿರಲಿಲ್ಲ. ವಾರಕ್ಕೊಂದಾದರೂ ತೊಟ್ಟಿಲು ಇದ್ದೇ ಇರುತ್ತಿತ್ತು. ಸೋದರತ್ತೆ ಮಗುವಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಿದಳು. ಉಳಿದ ಹೆಂಗಸರು ಆಕೆಯ ಬೆನ್ನಿಗೆ ನಗುತ್ತ ಗುದ್ದಿದರು. ಆಮೇಲೆ ಅಕ್ಕಸಾಲಿಗ ಪತ್ತಾರರು ಮಗುವಿನ ಕಿವಿ ಚುಚ್ಚಲು ಕುಳಿತರು. ಸುತ್ತ ನಿಂತವರು ಮುಖ ಕಿವುಚಿಕೊಂಡರು. ನೀಲಗಂಗಾ ಕಣ್ಣು ಮುಚ್ಚಿಕೊಂಡಳು. ತಂತಿ ಒಂದು ಕಿವಿಯಲ್ಲಿ ಹೊಕ್ಕು ಹೊರಬಂತು, ಇನ್ನೊಂದು ಕಿವಿಯಲ್ಲೂ ಹೊಕ್ಕು ಹೊರಬಂತು. ಮಗುವಿನ ಕಾಲ್ಬೆರಳುಗಳು ಬಿಗಿದು ಸಡಿಲವಾದವು. ಬಾಯಿ ತೆರೆಯಲಿಲ್ಲ.

“ಎಂಥಾ ಶಾಣ್ಯಾ ಕೂಸು,” ಎಂದರು ಎಲ್ಲರೂ.

ಲೀಸ್‌ಬೆಟ್‌ಳ ಕೈಯಲ್ಲಿದ್ದ ಹೋಳಿಗೆ ಹಾಗೇ ಉಳಿಯಿತು. ಅವಳು ಆ ಕಾಲ್ಬೆರಳುಗಳನ್ನು ನೋಡಿದ್ದಳು. ಇದು ಅವಳು ನೋಡಿದ ಮೊದಲ ಮಗುವಲ್ಲ. ಎರಡು ವರ್ಷಗಳಿಂದ ಹೋದ ಹೋದ ತೊಟ್ಟಿಲಲ್ಲೆಲ್ಲ ಇದೇ ಹೊಗಳಿಕೆಯನ್ನು ಕೇಳಿ, ಇದೇ ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು. ಅವಳ ಸಹಾಯಕ ಡಾಕ್ಟರ್ ಇಮ್ತಿಯಾಜ್ ಕಿತ್ತೂರ ಒಮ್ಮೆ ಬಾಯಿಬಿಟ್ಟು ಹೇಳಿಯೂ ಇದ್ದ: “ಮೇಡಮ್, ನಮ್ಮ ಮಷೀನಿನ ಮಕ್ಕಳು ಅಳೂದಿಲ್ಲ.” “ತೂಕ ಸರಿ ಅದಾವಲ್ಲ? ಹಾಲು ಕುಡಿತಾವಲ್ಲ?” ಎಂದು ಅವಳು ಅವನ ಬಾಯಿ ಮುಚ್ಚಿಸಿದ್ದಳು. ಆ ಉತ್ತರ ತನಗೇ ಸಾಲದೆಂದು ಅವಳಿಗೆ ಗೊತ್ತಿತ್ತು.

ಯಾಕೆಂದರೆ ಗೆಂಟಿನಲ್ಲಿ ಅವಳು ಇಲಿಗಳನ್ನು ನೋಡಿದ್ದಳು. ಇಲಿಮರಿ ಗೂಡಿನಿಂದ ಹೊರಗೆ ಉರುಳಿದರೆ ನಮ್ಮ ಕಿವಿಗೆ ನಿಲುಕದಷ್ಟು ಮೊನಚಾದ ದನಿಯಲ್ಲಿ ಕೂಗುತ್ತದೆ. ತಾಯಿ ಆ ಕೂಗಿನ ಜಾಡು ಹಿಡಿದು ಬಂದು, ಬಾಯಲ್ಲಿ ಕಚ್ಚಿ ಒಳಗೆ ಒಯ್ಯುತ್ತದೆ. ಮೌನಮಾಪಕ ಆರಿಸಿದ ಮರಿಗಳು ಉರುಳಿದವು, ಕೂಗಲಿಲ್ಲ. ತಾಯಿ ಗೂಡಿನೊಳಗೆ ಬೆಚ್ಚಗೆ ಮಲಗಿತ್ತು, ಬರಲಿಲ್ಲ. ಬೆಳಗ್ಗೆ ಲೀಸ್‌ಬೆಟ್ ತಣ್ಣಗಾದ ಮರಿಗಳನ್ನು ಎತ್ತಿಹಾಕಿ, ಬದುಕಿದವನ್ನು ಬೆರಳಿನಿಂದ ಗೂಡಿಗೆ ಸೇರಿಸುತ್ತಿದ್ದಳು. ಪಂಜರದ ಬಿಸಿ ಸಾಲಲಿಲ್ಲವೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಲ್ಲಿನ ನೀತಿ ಸಮಿತಿಯವರು, ಈ ಮರಿಗಳು ದೊಡ್ಡವಾಗುವವರೆಗೆ ನೋಡೋಣ, ಆಮೇಲೆ ಮನುಷ್ಯರ ಮಾತು ಎಂದರು. ಅವಳಿಗೆ ತಡೆಯಲಾಗಲಿಲ್ಲ. ಏಳು ಸಲ ಬಸುರಾದ ತಾಯಿಯನ್ನು ಕಂಡವಳಿಗೆ ಒಂದೊಂದು ವರ್ಷವೂ ಎಷ್ಟೋ ಹೆಂಗಸರ ಖಾಲಿ ಮಡಿಲಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಧಾರವಾಡದ ಟ್ರಸ್ಟು ಕರೆಯಿತು. ಅವಳು ಯಂತ್ರವನ್ನು ಕಟ್ಟಿಕೊಂಡು ಹೊರಟುಬಂದಳು. ಇಲಿಗಳ ವಿಷಯವನ್ನು ಅಲ್ಲೇ ಬಿಟ್ಟು ಬಂದಳು.

ಪಾರಿಗೆ ಏಳು ತಿಂಗಳಾಗಿದ್ದಾಗ, ಒಂದು ಮಧ್ಯಾಹ್ನ ನೀಲಗಂಗಾ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಪಕ್ಕದಲ್ಲೇ ಒರಗಿದಳು. ತೊಟ್ಟಿಲ ಬಟ್ಟೆಗೆ ಚೆಲ್ಲಿದ್ದ ಹಾಲಿನ ವಾಸನೆಗೆ ಕೆಂಪು ಇರುವೆಗಳು ಹಗ್ಗದ ಗುಂಟ ಇಳಿದವು. ಅವಳು ಎದ್ದು ನೋಡಿದಾಗ ಮಗುವಿನ ಕತ್ತು, ಕಂಕುಳು, ರೆಪ್ಪೆ ಎಲ್ಲ ಬಾತು, ಕಣ್ಣು ಮುಚ್ಚಿಹೋಗಿತ್ತು. ಮಗು ಎಚ್ಚರವಾಗಿಯೇ ಇತ್ತು. ಮಕ್ಕಳ ಆಸ್ಪತ್ರೆಯಲ್ಲಿ ಒಂದು ವಾರ ಇಟ್ಟುಕೊಂಡು ಉಳಿಸಿಕೊಟ್ಟರು. ಓಣಿಯವರು ಸುಮ್ಮನಿದ್ದಾರೆಯೇ? ಎಂಥಾ ತಾಯಿ, ಕೂಸು ಅಷ್ಟು ಅತ್ತರೂ ಏಳಲಿಲ್ಲವಂತೆ ಎಂದರು. ಮೊದಲು ಹಾಗೆಂದವಳು ಗುರುಸಿದ್ಧವ್ವನೇ.

ಮಗು ಹುಷಾರಾದ ಮೇಲೆ ನೀಲಗಂಗಾ ಹಾಸಿಗೆ ಹಿಡಿದಳು. ಹಿಡಿದಳು ಎನ್ನುವುದೂ ತಪ್ಪು; ಅವಳು ಮಲಗುವುದನ್ನೇ ಬಿಟ್ಟಿದ್ದಳು. ಹಗಲೂ ರಾತ್ರಿ ತೊಟ್ಟಿಲ ಹತ್ತಿರ ಗೋಡೆಗೊರಗಿ ಕೂರುತ್ತಿದ್ದಳು. ಫಕೀರೇಶ ಬೇರೆ ದಾರಿ ಕಾಣದೆ ಅವಳನ್ನು ಲೀಸ್‌ಬೆಟ್‌ಳ ಹತ್ತಿರ ಕರೆದುಕೊಂಡು ಬಂದ.

“ನಿದ್ದಿ ಹತ್ತಿತ್ತರೀ ಬಾಯಾರ,” ಎಂದಳು ನೀಲಗಂಗಾ. ಕಣ್ಣು ಗುಳಿಬಿದ್ದಿದ್ದವು. “ಕೂಸು ಅತ್ತಿರಬೇಕು. ಅಕಿ ಅಳೂ ಕೂಸಲ್ಲ ಖರೇ, ಆದರ ಇರವಿ ಅಷ್ಟ ಕಡದಾವು ಅಂದ್ರ ಚಿಟ್ಟನ ಚೀರಿರಬೇಕು. ಬಾಜೂಕ ಮಲಗಿದಾಕಿ ನಾ, ನನಗ ಕೇಳಿಸಿಲ್ಲ. ಕಿವಿ ಡಾಕ್ಟರ್ ಕಡೆ ಹೋಗಿ ತೋರಿಸಿಕೊಂಡ ಬಂದೆ. ಕಿವಿ ಚಲೋ ಅದಾವು ಅಂದ್ರು. ಹಂಗಾರ ನಾ ಎಂಥಾಕಿ ಇರಬೇಕ್ರಿ?”

ಹೇಳಬೇಕಾದ ಮಾತು ಲೀಸ್‌ಬೆಟ್‌ಳ ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಇನ್ನೂ ಹನ್ನೆರಡು ಜೋಡಿಗಳು ಕಾಯುತ್ತಿದ್ದವು; ಅವರ ಪಿಸುಮಾತು, ನಗು ಕೇಳಿಸುತ್ತಿತ್ತು. ಅವಳು ಮೇಜಿನ ಖಾನೆ ಎಳೆದು, ನಿದ್ದೆಯ ಮಾತ್ರೆ ತೆಗೆದು, “ಇದನ್ನ ರಾತ್ರಿ ಒಂದ ತಗೋ ತಂಗಿ. ನಿನ್ನ ತಪ್ಪಿಲ್ಲ,” ಎಂದಳು.

“ಮತ್ತ ಯಾರದರಿ?” ಎಂದಳು ನೀಲಗಂಗಾ. ಅವಳು ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದುಹೋದಳು.

ಮೂಲೆಯಲ್ಲಿ ತಟ್ಟೆ ಜೋಡಿಸುತ್ತಿದ್ದ ಇಮ್ತಿಯಾಜ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. “ಮೇಡಮ್, ಅಕಿ ಆ ಮಾತ್ರಿ ನುಂಗೂದಿಲ್ಲ,” ಎಂದ. “ಒಂದ ಮಾತ ಹೇಳಿದ್ರ ಸಾಕಾಗಿತ್ತು.” ಅವನು ಗದರಿಸಿರಲಿಲ್ಲ. ಗದರಿಸಿದ್ದರೆ ಅವಳೂ ತಿರುಗಿ ಗದರಿಸಿ ಹಗುರಾಗಬಹುದಿತ್ತು.

ಆ ದಿನದ ಕೆಲಸ ಅವಳಿಂದ ಆಗಲಿಲ್ಲ. ಸ್ಪೀಕರಿನಿಂದ ಹನಿ ತೊಟ್ಟಿಕ್ಕುವ ಸದ್ದು ಬಂದಾಗಲೆಲ್ಲ ಗಾಜಿನ ಪಂಜರದ ಮೂಲೆಯಲ್ಲಿ ಬಿದ್ದಿರುತ್ತಿದ್ದ ಮರಿಗಳು ಕಣ್ಣಿಗೆ ಬಂದವು. ಒಬ್ಬ ತಾಯಿ ತಾನು ಕಿವುಡಿ, ತಾನು ಕಟುಕಿ ಎಂದು ನಂಬಿ ಒಣಗಿಹೋಗುತ್ತಿದ್ದಾಳೆ, ತನ್ನ ಹೆಸರು ಕೆಡದಿರಲಿ ಎಂದು ತಾನು ಮಾತ್ರೆ ಹಂಚುತ್ತಿದ್ದೇನೆ ಎನ್ನಿಸಿ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಸಂಜೆಗೆ ಮೊದಲು ಆಟೋ ಹಿಡಿದು ಹೊಸಯಲ್ಲಾಪುರದ ಅವರ ಮನೆಗೆ ಹೋದಳು.

ನೀಲಗಂಗಾ ತೊಟ್ಟಿಲ ಪಕ್ಕದಲ್ಲೇ ಇದ್ದಳು. ಗುರುಸಿದ್ಧವ್ವ ಚಾಪೆ ಹಾಸಿದಳು. ಲೀಸ್‌ಬೆಟ್ ಕೂರದೆ ಹೇಳಿದಳು.

“ತಂಗಿ, ಅವತ್ತ ಪಾರಿ ಅತ್ತಿಲ್ಲ. ಅಕಿಗೆ ಅಳೂದು ಬರೂದಿಲ್ಲ.”

“ಅಂದ್ರ?” ಎಂದಳು ಗುರುಸಿದ್ಧವ್ವ.

“ನನ್ನ ಮಷೀನು ಸುಮ್ಮನ ಇರೂ ಭ್ರೂಣಾನ ಆರಿಸತೈತಿ. ಕಡಿಮಿ ಖರ್ಚಿನೊಳಗ ಬದುಕೂ ಭ್ರೂಣ. ಆ ಗುಣಾ ಗರ್ಭದೊಳಗ ಮುಗೀತೈತಿ ಅಂತ ತಿಳಕೊಂಡಿದ್ದೆ. ಮುಗಿಯೂದಿಲ್ಲ. ಅಳೂದು ಅಂದ್ರ ಕೂಸಿಗೆ ದೊಡ್ಡ ಖರ್ಚು. ಅದಕ್ಕ ಈ ಕೂಸುಗೋಳು ಅಳೂದಿಲ್ಲ.”

“ನೋವು ಆಗೂದಿಲ್ಲೇನ ಅವಕ್ಕ?”

“ಆಗತೈತಿ. ನಮಗ ಆದಷ್ಟ ಆಗತೈತಿ. ಯಾರನ್ನರ ಕರೀಬೇಕು ಅಂತ ಅನಸೂದಿಲ್ಲ.”

ಗುರುಸಿದ್ಧವ್ವ ತೊಟ್ಟಿಲಿಗೆ ಬಾಗಿ ಮೊಮ್ಮಗಳ ಮುಖ ನೋಡಿದಳು. ಬಾವು ಇಳಿದಿದ್ದರೂ ರೆಪ್ಪೆಯ ಮೇಲೆ ಕಪ್ಪು ಕಲೆ ಉಳಿದಿತ್ತು. “ನಿಮಗ ಇದು ಮೊದಲ ಗೊತ್ತಿತ್ತೇನರಿ ಬಾಯಾರ?”

“ಗೊತ್ತಿತ್ತು,” ಎಂದಳು ಲೀಸ್‌ಬೆಟ್. “ಇಲಿಯೊಳಗ ನೋಡಿದ್ದೆ. ಯಾರಿಗೂ ಹೇಳಲಿಲ್ಲ.”

ಬೈಗುಳ ಬರುತ್ತದೆಂದು ಅವಳು ಕಾದಳು. ಬರಲಿ ಎಂದೇ ಕಾದಳು. ನೀಲಗಂಗಾ ಗೋಡೆಯಿಂದ ಬೆನ್ನು ಬಿಡಿಸಿಕೊಂಡು ಮುಂದೆ ಬಾಗಿದಳು.

“ಹಂಗಾರ ಅಕಿ ಚೀರಿಲ್ಲ?”

“ಇಲ್ಲ ತಂಗಿ.”

“ನನ್ನ ಕಿವಿ ಚಲೋ ಅದಾವು?”

“ಚಲೋ ಅದಾವು.”

ನೀಲಗಂಗಾ ತಲೆಯಾಡಿಸಿದಳು. ಆಮೇಲೆ ಇದ್ದ ಜಾಗದಲ್ಲೇ, ಬರಿ ನೆಲದ ಮೇಲೆ, ಕೈಯನ್ನು ತಲೆದಿಂಬು ಮಾಡಿಕೊಂಡು ಮಲಗಿದಳು. ಲೀಸ್‌ಬೆಟ್ ನೋಡನೋಡುತ್ತಿದ್ದಂತೆ ಅವಳಿಗೆ ನಿದ್ದೆ ಹತ್ತಿತು. ಗುರುಸಿದ್ಧವ್ವ ಎದ್ದು ಸೊಸೆಗೆ ಕೌದಿ ಹೊದಿಸಿದಳು.

“ಮೂರು ಬಸರು ಹ್ವಾದಾಗ ಇಕಿಗೇ ಅಂದೆ. ಇರವಿ ಹತ್ತಿದಾಗೂ ಇಕಿಗೇ ಅಂದೆ,” ಎಂದಳು ಸಣ್ಣ ದನಿಯಲ್ಲಿ. “ಅನ್ನೂದು ನನಗ ಸಾಕಾಗೇತಿ. ನಿಮಗೇನ ಅನ್ನಲಿ? ನೀವು ಮಾಡಲಿಲ್ಲ ಅಂದ್ರ ಈ ಕೂಸರ ಎಲ್ಲಿತ್ತು? ಕೂಡ್ರಿ, ಚಾ ಮಾಡತೀನಿ.”

ಚಹಾಕ್ಕೆ ಬೀಗರಿಗೆ ಹಾಕುವಷ್ಟು ಸಕ್ಕರೆ ಹಾಕಿದ್ದಳು. ಲೀಸ್‌ಬೆಟ್ ಅದನ್ನು ಕಷ್ಟಪಟ್ಟು ಕುಡಿದಳು. ಹೊಡೆದು ಓಡಿಸಿದ್ದರೆ ಒಳ್ಳೆಯದಿತ್ತು ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಮರುದಿನ ಅವಳು ಯಂತ್ರದ ಕೆಲಸ ನಿಲ್ಲಿಸಿ, ಟ್ರಸ್ಟಿನ ಅಧ್ಯಕ್ಷರಿಗೆ ತಿಳಿಸಿ, ಪತ್ರಿಕೆಯವರನ್ನು ಕರೆಸಿದಳು. ಇಲಿಗಳಿಂದ ಹಿಡಿದು ಇರುವೆಯವರೆಗೆ ಒಂದನ್ನೂ ಮುಚ್ಚಿಡದೆ ಹೇಳಿದಳು. ಮೌನಮಾಪಕ ಹುಟ್ಟಿಸಿದ ಮಕ್ಕಳು ಅಳುವುದಿಲ್ಲ. ಅವರನ್ನು ಕಣ್ಣಿಟ್ಟು ಕಾಯಬೇಕು. ತನ್ನ ಮೇಲೆ ಏನು ಕ್ರಮ ಬೇಕಾದರೂ ಆಗಲಿ ಎಂದಳು. ಪತ್ರಿಕೆಗಳು ಮುಖಪುಟದಲ್ಲೇ ಹಾಕಿದವು. ಆ ವಾರವಿಡೀ ಅವಳು ಬಾಗಿಲಿಗೆ ಕಲ್ಲು ಬೀಳುವುದನ್ನು ಕಾಯುತ್ತ ಮನೆಯಲ್ಲಿ ಕುಳಿತಳು.

ಇಮ್ತಿಯಾಜ್ ಫೋನು ಮಾಡಿದ. “ಮೇಡಮ್, ದವಾಖಾನಿ ಮುಂದ ಮಂದಿ ಪಾಳಿ ರಸ್ತೆ ತನಕ ಬಂದೈತಿ.”

“ಗದ್ದಲ ಮಾಡಾಕತ್ತಾರೇನು?”

“ಇಲ್ಲ. ಹೆಸರ ಹಚ್ಚಸಾಕ ಬಂದಾರ. ಪುಣೆದಿಂದ, ಬೆಂಗಳೂರಿಂದ ಗಾಡಿ ಮಾಡಿಕೊಂಡು ಬಂದಾರ. ಮಕ್ಕಳಾಗದೇ ಇದ್ದವರಲ್ಲ ಮೇಡಮ್. ಎಲ್ಲಾ ಸರಿ ಇದ್ದವರು. ಅಳದ ಕೂಸು ಬೇಕಂತ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ರಾತ್ರಿ ನಿದ್ದೆ ಕೆಡಿಸದ ಕೂಸು. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋಗುವ ಮನೆಗೆ ಹೇಳಿ ಮಾಡಿಸಿದ ಕೂಸು. ಪಕ್ಕದ ಮನೆಯವರು ಗೋಡೆ ಕುಟ್ಟುವ ಹಾಗಿಲ್ಲದ ಕೂಸು. ತಪ್ಪೊಪ್ಪಿಗೆ ಎಂದು ಅವಳು ಆಡಿದ ಮಾತೇ ಜಾಹೀರಾತು ಆಗಿಬಿಟ್ಟಿತ್ತು. ಅವಳು ನಿಲ್ಲಿಸಿದ್ದ ಯಂತ್ರವನ್ನು ಟ್ರಸ್ಟಿನವರು ಮತ್ತೆ ಶುರು ಮಾಡಿಸಿದರು, ಇನ್ನೂ ಎರಡು ಮಾಡಿಸಿದರು. ಕ್ರಮ ಕೈಗೊಳ್ಳುವುದಿರಲಿ, ಸಭೆ ಕರೆದು ಅವಳಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡಿದರು. ಆಮೇಲೆ ಯಾರೋ ‘ತೊಟ್ಟಿಲಗಾವಲು’ ಎಂಬ ಇನ್ನೊಂದು ಸಾಧನ ಮಾರಾಟಕ್ಕೆ ತಂದರು. ಮಗುವಿನ ಕಾಲಿಗೆ ಕಟ್ಟಿದರೆ, ಮೈಬಿಸಿ ನಾಡಿ ನೋಡಿ, ಮಗುವಿನ ಬದಲು ಅದೇ ಅಳುತ್ತಿತ್ತು. ಅದರ ಸದ್ದು ಅಡಗಿಸುವ ಗುಂಡಿಯೇ ಬಹಳ ಜನಕ್ಕೆ ಇಷ್ಟವಾಯಿತೆಂದು ಮಾರುವವರು ಹೇಳುತ್ತಿದ್ದರು.

ಲೀಸ್‌ಬೆಟ್ ಆಸ್ಪತ್ರೆ ಬಿಡಲು ನಿರ್ಧರಿಸಿದಳು. ಇಮ್ತಿಯಾಜ್ ಮಾತ್ರ ಕೆಲಸ ಬಿಡಲಿಲ್ಲ. “ನಾ ಬಿಟ್ರ ಮತ್ತೊಬ್ಬ ಬರತಾನ. ನಾ ಇದ್ರ ಬಂದವರಿಗೆ ಖರೇ ಹೇಳತೀನಿ,” ಎಂದ. ಅವನು ಹೇಳುತ್ತಲೇ ಇದ್ದ. ಬಂದವರು ನಗುತ್ತ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು.

ಅವಳು ತನ್ನ ಕೋಣೆ ಖಾಲಿ ಮಾಡುತ್ತಿದ್ದ ದಿನ ನೀಲಗಂಗಾ ಬಂದಳು. ಪಾರಿಯನ್ನು ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡಿದ್ದಳು. ಮಗುವನ್ನು ಈಗ ಅವಳು ಮೈಮೇಲಿಂದ ಇಳಿಸುತ್ತಲೇ ಇರಲಿಲ್ಲ.

“ನನ್ನವು ನಾಕು ಅದಾವಲ್ಲರಿ, ಬರಫಿನ್ಯಾಗ,” ಎಂದಳು. “ಅದರಾಗ ಒಂದು ಬೇಕ್ರಿ ನನಗ. ಮೂರನೇದು. ಭಾಳ ಗದ್ದಲ ಮಾಡತಿತ್ತಲ್ಲ, ಅತ್ತಿ ನಕ್ಕಿದ್ರಲ್ಲ, ಅದು.”

“ಅದು ನಿಲ್ಲೂದು ಕಠಿಣ ತಂಗಿ. ಹತ್ತರಾಗ ಒಂದು ನಿಂತ್ರ ಹೆಚ್ಚು. ಮತ್ತ ಹ್ವಾದ್ರ ನಿನ್ನ ಮೈ ತಡಿಯೂದಿಲ್ಲ.”

“ಹೋಗಲಿ ಬಿಡ್ರಿ, ಅದೂ ನೋಡೇನಿ. ನಾ ಎಷ್ಟ ದಿನಾ ಇಕಿನ್ನ ಹಿಂಗ ಕಟಗೊಂಡ ತಿರಗಲಿ? ಸಾಲಿಗೆ ಹೋಗತಾಳ, ಅಂಗಳಕ್ಕ ಹೋಗತಾಳ. ಇಕಿಗೇನರ ಆದ್ರ ಇಕಿ ಸಲುವಾಗಿ ಅಳಾಕ ಮನ್ಯಾಗ ಒಬ್ರು ಬೇಕಲ್ಲರಿ.”

ಲೀಸ್‌ಬೆಟ್ ಆಸ್ಪತ್ರೆಯಲ್ಲಿ ತನ್ನ ಕೈಯಾರೆ ಮಾಡಿದ ಕೊನೆಯ ಕೆಲಸ ಅದೇ. ಜೀವನವಿಡೀ ಗದ್ದಲದ ಭ್ರೂಣಗಳನ್ನು ಪಕ್ಕಕ್ಕಿಟ್ಟವಳು, ಸ್ಪೀಕರು ಕಿವಿಗಡಚಿಕ್ಕುತ್ತಿದ್ದರೂ ನಿಲ್ಲಿಸದೆ, ಮೂರನೆಯದನ್ನು ಎತ್ತಿ ಗರ್ಭಕ್ಕೆ ಸೇರಿಸಿದಳು. ದೇವರಿಗೆ ಕೈಮುಗಿಯುವ ರೂಢಿ ಇರಲಿಲ್ಲ, ಅಂದು ಮುಗಿದಳು. ಎಲ್ಲ ಲೆಕ್ಕವನ್ನೂ ಸುಳ್ಳು ಮಾಡಿ ಅದು ನಿಂತಿತು. ಗಂಡು ಹುಟ್ಟಿತು. ಹೆರಿಗೆ ಕೋಣೆಯ ಬಾಗಿಲಿಗೆ ಕಿವಿ ಹಚ್ಚುವ ಕಷ್ಟವನ್ನು ಅವನು ಅಜ್ಜಿಗೆ ಕೊಡಲಿಲ್ಲ. ಗೇಟಿನ ಹತ್ತಿರ ಎಲೆ ಅಡಿಕೆ ಹಾಕುತ್ತ ನಿಂತಿದ್ದ ಫಕೀರೇಶನಿಗೂ ಕೇಳಿಸಿತು. ಗುರುಸಿದ್ಧವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಅವನಿಗೆ ವೀರೇಶ ಎಂದು ಹೆಸರಿಟ್ಟರು.

ವೀರೇಶ ಹಸಿವಿಗೆ ಅತ್ತ, ಹೊಟ್ಟೆ ತುಂಬಿದ್ದಕ್ಕೆ ಅತ್ತ, ಬೆಕ್ಕು ಬಂದರೆ ಅತ್ತ, ಹೋದರೆ ಅದಕ್ಕಿಂತ ಹೆಚ್ಚು ಅತ್ತ. ಎಷ್ಟೋ ವರ್ಷ ಅಳು ಕೇಳದ ಮನೆಗೆ ಅದೇ ಹಬ್ಬವಾಯಿತು. ಅವನ ಬಾಯಿ ಸೊಟ್ಟಗಾದರೆ ಸಾಕು, ಅಜ್ಜಿ ಒಂದು ಕಡೆಯಿಂದ, ತಾಯಿ ಇನ್ನೊಂದು ಕಡೆಯಿಂದ ಓಡಿಬರುತ್ತಿದ್ದರು. ಪಾರಿಗೆ ನಾಲ್ಕು ತುಂಬಿತ್ತು. ಕೇಳಿದರೆ ಚೆನ್ನಾಗಿ ಮಾತಾಡುತ್ತಿದ್ದಳು, ಎಣ್ಣೆ ಹಚ್ಚಿ ಜಡೆ ಹಾಕಿಸಿಕೊಂಡು ಅಂಗಳದಲ್ಲಿ ಆಡುತ್ತಿದ್ದಳು. ಅವಳು ತಾಯಿಯ ಬೆನ್ನಿನಿಂದ ಇಳಿದು ಬಹಳ ದಿನವಾಗಿತ್ತು. ಲೀಸ್‌ಬೆಟ್ ಊರು ಬಿಟ್ಟು ಹೋಗಿರಲಿಲ್ಲ. ಆಸ್ಪತ್ರೆಯಿಂದ ಹುಟ್ಟಿದ ಮಕ್ಕಳ ಮನೆಗಳಿಗೆ ಒಂದೊಂದಾಗಿ ಹೋಗಿ, ಮಕ್ಕಳ ಮೈ ಕೈ ನೋಡಿ ಬರುವುದೇ ಅವಳ ದಿನಚರಿಯಾಗಿತ್ತು. ಅದರಿಂದ ಪಾಪ ಕಳೆಯುತ್ತದೆಂದು ಅವಳೇನೂ ನಂಬಿರಲಿಲ್ಲ, ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ಒಂದು ಭಾನುವಾರ ಅವಳು ಹೋದಾಗ ಗುರುಸಿದ್ಧವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಾರಿ ಅಜ್ಜಿಯ ಪಕ್ಕದಲ್ಲಿ ಕುಳಿತು ಹಿಟ್ಟಿನ ಉಂಡೆ ಮಾಡುತ್ತಿದ್ದಳು. ಒಳಕೋಣೆಯಲ್ಲಿ ವೀರೇಶನ ಕೈಯಿಂದ ಬಟ್ಟಲು ಬಿತ್ತು. ಬಟ್ಟಲು ಬಿದ್ದದ್ದಕ್ಕೆ ಅವನು ಮನೆ ಹಾರಿಹೋಗುವಂತೆ ಅಳತೊಡಗಿದ. ಅಜ್ಜಿ ಕೈಯಲ್ಲಿದ್ದ ರೊಟ್ಟಿ ಬಿಟ್ಟು ಓಡಿದಳು. ಬಟ್ಟೆ ಒಗೆಯುತ್ತಿದ್ದ ನೀಲಗಂಗಾ ನೊರೆಯ ಕೈಯಲ್ಲೇ ಓಡಿದಳು. ಅಂಗಳದಿಂದ ಫಕೀರೇಶ ಓಡಿಬಂದ. ಮೂವರೂ ಸೇರಿ ಅವನನ್ನು ಎತ್ತಿ, ಕುಣಿಸಿ, ಬಟ್ಟಲಿಗೆ ಹೊಡೆದು ತೋರಿಸಿ ಸಮಾಧಾನ ಮಾಡತೊಡಗಿದರು.

ಲೀಸ್‌ಬೆಟ್ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಪಾರಿ ಒಲೆಯ ಮುಂದೆ ಹಾಗೇ ಕುಳಿತಿದ್ದಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಅಜ್ಜಿ ಬಿಟ್ಟುಹೋದ ರೊಟ್ಟಿ ಸೀಯುತ್ತದೆಂದು ಮಗು ತಿರುವಿಹಾಕಲು ಹೋಗಿ ಅಂಗೈಯನ್ನು ಕಾದ ಹಂಚಿನ ಮೇಲೆ ಊರಿತ್ತು. ಅಂಗೈಯ ಚರ್ಮ ಬೆಳ್ಳಗಾಗಿ ಎದ್ದಿತ್ತು. ಕಾಲ್ಬೆರಳುಗಳು ನೆಲಕ್ಕೆ ಬಿಗಿದುಕೊಂಡಿದ್ದವು. ಕಣ್ಣಲ್ಲಿ ನೀರಿರಲಿಲ್ಲ.

ಲೀಸ್‌ಬೆಟ್ ಮಗುವನ್ನು ಬಾಚಿ ಎತ್ತಿಕೊಂಡು ಬಚ್ಚಲಿಗೆ ಒಯ್ದು, ನಳದ ಕೆಳಗೆ ಕೈ ಹಿಡಿದಳು. “ಪಾರಿ, ಕೈ ಸುಟ್ಟೈತಿ ನಿಂದು. ಭಾಳ ನೋವ ಆಗತೈತಲ್ಲ?”

ಪಾರಿ ಒಳಕೋಣೆಯ ಕಡೆ ನೋಡಿದಳು. ಅಲ್ಲಿ ವೀರೇಶ ಇನ್ನೂ ಚೀರುತ್ತಿದ್ದ.

“ತಮ್ಮಗ ಭಾಳ ಆಗೇತಿ,” ಎಂದಳು. “ಅಂವಾ ಅಳಾಕತ್ತಾನ. ಅವನ ಮೊದಲ ನೋಡ್ರಿ.”

ಲೀಸ್‌ಬೆಟ್ ಮಗುವಿನ ಕೈ ಬಿಡದೆ ಬಚ್ಚಲ ಒದ್ದೆ ನೆಲದ ಮೇಲೆ ಕುಸಿದು ಕುಳಿತಳು. ಎದೆಯ ಆಳದಿಂದ ಒಂದು ಅಳು ಎದ್ದು ಬಂತು. ತಡೆಯಲು ನೋಡಿದಳು, ತಡೆಯಲಾಗಲಿಲ್ಲ. ಎಪ್ಪತ್ತರ ಹತ್ತಿರದ ಆ ಹೆಂಗಸು ಬಾಯಿ ತೆರೆದು, ಗಂಟಲು ಬಿರಿಯುವಂತೆ, ಮಗುವಿನ ಹಾಗೆ ಅತ್ತಳು.

ಪಾರಿ ಅವಳ ಮುಖ ನೋಡಿದಳು. ಆಮೇಲೆ ಒಳಗೆ ತಿರುಗಿ, ದನಿ ಏರಿಸಿ ಕೂಗಿದಳು.

“ಯವ್ವಾ, ಲಗೂನ ಬಾ. ಬಾಯಾರು ಅಳಾಕತ್ತಾರ. ಅವರಿಗೇನೋ ಆಗೇತಿ.”

ವೀರೇಶನನ್ನು ಕಂಕುಳಲ್ಲಿಟ್ಟುಕೊಂಡು ನೀಲಗಂಗಾ ಬಂದಳು, ಹಿಂದೆ ಅಜ್ಜಿ, ಫಕೀರೇಶ ಬಂದರು. “ಏನಾತ್ರಿ ಬಾಯಾರ, ಎಲ್ಲಿ ನೋವಾಗೇತಿ?” ಎಂದು ನೀಲಗಂಗಾ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಲೀಸ್‌ಬೆಟ್ ತನ್ನ ಕೈಯೊಳಗಿದ್ದ ಪುಟ್ಟ ಅಂಗೈಯನ್ನು ತಿರುಗಿಸಿ ತಾಯಿಗೆ ತೋರಿಸಿದಳು.